ಜನಪದ ಜಂಗಮ ಎಸ್.ಕೆ. ಕರೀಂಖಾನ್

ಈ ನಾಲ್ಕು ಮಾತು ಬರೆಯಲು ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯೇ ಕಾರಣ. ವಿಜಯನಗರದ ನಮ್ಮ ಶಾಲೆಯಲ್ಲಿ ಜನಪದ ಗೀತೆಯ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಇವೆಲ್ಲ ಅವರ ಹಾಡುಗಳಲ್ಲವೇ? ನಮ್ಮವರು ಯಾರಾದರೂ ಹಾಡಿದ್ದಾರೆಯೇ?" ಎಂದ. ಮನೆಯಲ್ಲಿ ಉರ್ದು ಮಾತಾಡುವ ಮಗು, ಕೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಪುಸ್ತಕ ಮುಚ್ಚಿಟ್ಟು ನಾನು ಅಂದು ಹೇಳಿದ ಹೆಸರು ಎಸ್.ಕೆ. ಕರೀಂಖಾನ್.

ಕರೀಂಖಾನ್ ಸಾಹೇಬರ ಮನೆತನದ ಮೂಲ ಅಫ್ಘಾನಿಸ್ತಾನ. ಆದರೆ ಅವರು ನಮ್ಮ ಹಾಸನ ಜಿಲ್ಲೆಯ ಸಕಲೇಶಪುರ ಸೀಮೆಯವರು. ಹೇಮಾವತಿ ಹೊಳೆ, ಕಾಫಿ ತೋಟ, ಭತ್ತದ ಗದ್ದೆ, ಬಿಡದೆ ಸುರಿಯುವ ಮಳೆಯ ಮಲೆನಾಡು ಅದು. ಅಂಥ ಕಡೆ ಹಾಡಿಲ್ಲದೆ ನಾಟಿ ನಡೆಯುತ್ತಿರಲಿಲ್ಲ.

ಯೌವನದಲ್ಲೇ ಅವರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು. ಆ ಕಾಲವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಇಂಥ ಸುದ್ದಿ ಹಳ್ಳಿ ಮುಟ್ಟುವ ಬಗೆ ಹೇಗೆ? ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದರು ನಿಜ, ಆದರೆ ರೇಡಿಯೋ ಇದ್ದ ಮನೆಗಳು ಎಷ್ಟು? ಅಕ್ಷರ ಬಲ್ಲವರೂ ಕಡಿಮೆ. ಆಗ ಊರಿಂದ ಊರಿಗೆ ಮಾತು ಒಯ್ದದ್ದು ಲಾವಣಿ, ಕೋಲಾಟದ ಪದ, ಪ್ರಭಾತಫೇರಿಯ ಹಾಡು. ಇಂದು ನಾವು ದೇಶಭಕ್ತಿ ಗೀತೆ ಎಂದರೆ ಆಗಸ್ಟ್ 15ರ ಬೆಳಗ್ಗೆ ಧ್ವನಿವರ್ಧಕದಲ್ಲಿ ಹಾಕುವುದು ಎಂದುಕೊಂಡಿದ್ದೇವೆ!

ಸ್ವಾತಂತ್ರ್ಯ ಬಂದ ಮೇಲೂ ಸಾಹೇಬರ ನಡಿಗೆ ನಿಲ್ಲಲಿಲ್ಲ. ಹಳ್ಳಿಗಳನ್ನು ಸುತ್ತಿ ಜನಪದ ಹಾಡುಗಳನ್ನು ಸಂಗ್ರಹಿಸಿದರು, ವೇದಿಕೆ ಹತ್ತಿ ಜನಪದದ ಸೊಗಸನ್ನು ನಾಡಿಗೆ ಸಾರಿದರು. ಈ ಕೆಲಸದ ಬೆಲೆ ತಿಳಿಯಬೇಕಾದರೆ ರಾಗಿಕಲ್ಲನ್ನು ನೆನೆಯಿರಿ. ನಸುಕಿನಲ್ಲಿ ಹೆಣ್ಣುಮಕ್ಕಳು ಕಲ್ಲು ತಿರುಗಿಸುತ್ತ, ಆ ತಿರುವಿನ ಲಯಕ್ಕೇ ಪದ ಕಟ್ಟುತ್ತಿದ್ದರು. ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಬೀಸುವ ಪದಕ್ಕೆ ಹೊತ್ತೇ ಇಲ್ಲವಾಯಿತು. ಹಾಡನ್ನು ಯಾರೂ ಬೇಡವೆನ್ನಲಿಲ್ಲ, ಹಾಡುವ ಕೆಲಸವೇ ಹೋಯಿತು. ಹಾಗೆ ಕಳೆದುಹೋಗುತ್ತಿದ್ದುದನ್ನು ಕಿವಿಯಲ್ಲಿ ಹಿಡಿದವರಲ್ಲಿ ಕರೀಂಖಾನರೂ ಒಬ್ಬರು. ನಾಡು ಅವರನ್ನು 'ಜನಪದ ಜಂಗಮ' ಎಂದು ಕರೆಯಿತು. ಜಂಗಮ ಎಂದರೆ ಒಂದೆಡೆ ನಿಲ್ಲದವನು. ತರಗತಿಯಲ್ಲಿ ನಾನು 'ಚಲ್ತಾ ಫಿರ್ತಾ ಫಕೀರ್' ಎಂದೆ, ಮಕ್ಕಳಿಗೆ ಥಟ್ಟನೆ ಅರ್ಥವಾಯಿತು.

ಚಿತ್ರಗೀತೆಗಳನ್ನೂ ಅವರು ಬರೆದರು. 1962ರ 'ಸ್ವರ್ಣಗೌರಿ' ಚಿತ್ರದಲ್ಲಿ ಬಾಲಮುರಳಿಕೃಷ್ಣ ಹಾಡಿದ ಶಿವಸ್ತುತಿ ಇವರ ರಚನೆ. ಹಾಡು ಕೇಳಿದವರು ಅನೇಕ, ಬರೆದವರು ಯಾರೆಂದು ಬಲ್ಲವರು ಕೆಲವರೇ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಶಿಶುನಾಳ ಶರೀಫರಿಗೆ (1819-1889) ಗೋವಿಂದ ಭಟ್ಟರು ಗುರುವಾಗಿದ್ದರು. ಉತ್ತರ ಕರ್ನಾಟಕದ ಮೊಹರಂನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. 'ಅವರ ಹಾಡು', 'ನಮ್ಮ ಹಾಡು' ಎಂಬ ಗೆರೆಯನ್ನು ಹಳ್ಳಿಯ ಜನ ಎಳೆದವರಲ್ಲ.

ಸಾಹೇಬರು 2006ರ ಜುಲೈ 29ರಂದು, ನೂರರ ಹತ್ತಿರದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ನಾನಾಗ ಇದೇ ಊರಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ಹೋಗಿ ಸಲಾಂ ಹೇಳಿ ಎರಡು ಪದ ಕೇಳಿ ಬರಬಹುದಿತ್ತು. ಅಂಥವರೊಬ್ಬರು ಇದ್ದಾರೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಬಿ.ಇಡಿ. ಮುಗಿಸಿ ಪಾಠ ಹೇಳಲು ನಿಂತ ಮೇಲೆ ಅವರ ಹೆಸರು ತಿಳಿಯಿತು.

ವಿದ್ಯಾರ್ಥಿ ಮಿತ್ರರೇ, ಕೆಂಗೇರಿಯಿಂದ ಹಳೆಯ ಮೈಸೂರು ರಸ್ತೆ ಹಿಡಿದು ರಾಮನಗರ ದಾಟಿದರೆ ಎಚ್.ಎಲ್. ನಾಗೇಗೌಡರು ಕಟ್ಟಿದ 'ಜಾನಪದ ಲೋಕ' ಸಿಗುತ್ತದೆ. ರಜೆಯಲ್ಲಿ ಹೋಗಿ ಬನ್ನಿ. ಹಳ್ಳಿಯ ಬದುಕಿನ ಸಾಮಾನುಗಳನ್ನು ಅಲ್ಲಿ ನೋಡಬಹುದು. ಹಾಡು ಮಾತ್ರ ಹಿರಿಯರ ಬಾಯಲ್ಲೇ ಸಿಗಬೇಕು.

ಆ ಹುಡುಗ ಎರಡು ವಾರದ ಮೇಲೆ ಒಂದು ಹಾಳೆ ತಂದುಕೊಟ್ಟ. ಚನ್ನಪಟ್ಟಣದಲ್ಲಿರುವ ಅವನ ನಾನಿ ಪಕ್ಕದ ಮನೆಯ ಮದುವೆಗಳಲ್ಲಿ ಕಲಿತ ಸೋಬಾನೆ ಪದವಂತೆ. ಪದ ಕನ್ನಡ, ಬರೆದದ್ದು ಉರ್ದು ಅಕ್ಷರದಲ್ಲಿ. ಈಗ ನಾವಿಬ್ಬರೂ ಕೂತು ಅದನ್ನು ಕನ್ನಡ ಲಿಪಿಗೆ ಇಳಿಸುತ್ತಿದ್ದೇವೆ. ಎರಡು ಸಾಲು ಸರಿಯಾಗಿ ಓದಲಾಗುತ್ತಿಲ್ಲ, ನಾನಿಯನ್ನೇ ಕೇಳಬೇಕು. ಬರುವ ಭಾನುವಾರ ಚನ್ನಪಟ್ಟಣಕ್ಕೆ ಹೊರಟಿದ್ದೇವೆ.