ಖಾಲಿ ಪೀಠ, ಬರಲಿರುವ ಪೋಪ್: ಸೆಡೆವೇಕಾಂಟಿಸ್ಟ್ ವಾದ ಮತ್ತು ಬ್ರಹ್ಮಾವರದ ನಿದರ್ಶನ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕಥೋಲಿಕ ಆಡಳಿತದಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿವೆ. ಇಲ್ಲಿಯೂ ಬಲಿಪೂಜೆ ಅರ್ಪಿಸುವ ಗುರು ಪೋಪರ ಹೆಸರನ್ನೂ ಧರ್ಮಾಧ್ಯಕ್ಷರ ಹೆಸರನ್ನೂ ಹೇಳಿ ಪ್ರಾರ್ಥಿಸಬೇಕು. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಮೇ 8ರಂದು 14ನೇ ಲಿಯೋ ಆಯ್ಕೆಯಾಗುವವರೆಗೆ ಆ ಮೊದಲ ಹೆಸರನ್ನು ಎಲ್ಲೆಡೆ ಬಿಟ್ಟು ಓದಬೇಕಾಯಿತು. ಪೀಠ ಖಾಲಿಯೆನ್ನುವ ಸೆಡೆವೇಕಾಂಟಿಸ್ಟರು ಅದನ್ನು ಬಿಟ್ಟು ಓದುತ್ತಿರುವುದು ದಶಕಗಳಿಂದ. 1958ರ ಅಕ್ಟೋಬರ್ 9ರಂದು 12ನೇ ಪಯಸ್ ತೀರಿಕೊಂಡ ನಂತರ ನಿಜವಾದ ಪೋಪರೇ ಇಲ್ಲವೆಂಬುದು ಅವರಲ್ಲಿ ಬಹುಪಾಲು ಜನರ ನಿಲುವು. ಎರಡನೇ ವ್ಯಾಟಿಕನ್ ಸಮ್ಮೇಳನದ (1962–65) ಬೋಧನೆ ಪರಂಪರೆಗೆ ವಿರುದ್ಧ, ವಿರುದ್ಧ ಬೋಧಿಸುವವನು ಪೀಠಕ್ಕೆ ಅರ್ಹನಲ್ಲ ಎಂಬುದು ಅವರ ತರ್ಕ.

ಈ ನಿರಾಕರಣೆಗಿಂತ ಅದರ ಮುಂದಿನ ಪ್ರಶ್ನೆ ಹೆಚ್ಚು ತೊಡಕಿನದು: ಮುಂದೆ ಪೋಪರನ್ನು ಒಪ್ಪುವುದಾದರೆ, ಅವರನ್ನು ಆರಿಸುವವರು ಯಾರು? ನಮ್ಮ ಸೀಮೆಯಲ್ಲಿ ಮಠದ ಸ್ವಾಮಿಗಳು ಉತ್ತರಾಧಿಕಾರಿಯಾಗಿ ಮರಿಯನ್ನು ನೇಮಿಸದೆ ಲಿಂಗೈಕ್ಯರಾದರೆ ಭಕ್ತರೂ ಇತರ ಮಠಾಧೀಶರೂ ಕೂಡಿ ಪಟ್ಟ ಕಟ್ಟುತ್ತಾರೆ. ರೋಮಿನಲ್ಲಿ ಆ ಹಕ್ಕು ಕಾರ್ಡಿನಲ್‌ಗಳದು ಮಾತ್ರ. ಸೆಡೆವೇಕಾಂಟಿಸ್ಟರು ಒಪ್ಪುವ ಕೊನೆಯ ಪೋಪರಾದ 12ನೇ ಪಯಸ್ ಕಾರ್ಡಿನಲ್‌ಗಳನ್ನು ನೇಮಿಸಿದ್ದು ಎರಡೇ ಸಲ, 1946 ಮತ್ತು 1953ರಲ್ಲಿ. ಅವರಲ್ಲಿ ಈಗ ಯಾರೂ ಬದುಕಿಲ್ಲ.

ಹಾಗಾಗಿ ಕೆಲವರು ತಾವೇ ಚುನಾವಣೆ ನಡೆಸಿದರು. 1990ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಡೇವಿಡ್ ಬಾಡೆನ್ ಎಂಬವರನ್ನು ಆರು ಜನ ಸೇರಿ ಪೋಪರೆಂದು ಆರಿಸಿದರು. ಆ ಆರರಲ್ಲಿ ಅವರ ತಂದೆತಾಯಿಯೂ ಇದ್ದರು! ಸೆಡೆವೇಕಾಂಟಿಸ್ಟರಲ್ಲೇ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಫ್ರೆಂಚ್ ದೈವಶಾಸ್ತ್ರಜ್ಞ ಗೆರಾರ್ ದೆ ಲೋರಿಯೆ ಇದಕ್ಕಿಂತ ಸೂಕ್ಷ್ಮವಾದ ದಾರಿ ಹುಡುಕಿದರು. ರೋಮಿನಲ್ಲಿ ಕುಳಿತವರಿಗೆ ಆಯ್ಕೆಯ ಬಲವಿದೆ, ಅಧಿಕಾರವಿಲ್ಲ. ತಪ್ಪು ಬೋಧನೆ ತೊರೆದ ಕ್ಷಣ ಅಧಿಕಾರ ಕೂಡಿಬರುತ್ತದೆ ಎಂದರು. ಇದ್ದುದರಲ್ಲಿ ಜಾಣತನದ ವಾದ ಇದೇ, ಏಕೆಂದರೆ ಇದು ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಆದರೂ ಒಂದು ಗಂಟು ಉಳಿಯಿತು. ಧರ್ಮಾಧ್ಯಕ್ಷರ ದೀಕ್ಷಾವಿಧಿ 1968ರಲ್ಲಿ ಬದಲಾಯಿತು. ಹೊಸ ವಿಧಿಯೇ ಸಲ್ಲದೆಂಬುದು ಇವರಲ್ಲಿ ಅನೇಕರ ಮತ. ಲಿಯೋ ಧರ್ಮಾಧ್ಯಕ್ಷರಾದದ್ದು 2014ರಲ್ಲಿ. ಈ ಲೆಕ್ಕದಲ್ಲಿ ಅವರು ನಾಳೆ ಮನಸ್ಸು ಬದಲಿಸಿದರೂ ಮತ್ತೆ ದೀಕ್ಷೆ ಪಡೆಯಬೇಕು.

ಕರ್ನಾಟಕದಲ್ಲಿ ರೋಮಿನ ಮಾತು ಮೀರಿದ ಕಥೋಲಿಕರ ಕಥೆ ಬ್ರಹ್ಮಾವರದ್ದು. 1886ರ ಜೂನ್ 23ರಂದು ಪೋಪರಿಗೂ ಪೋರ್ಚುಗಲ್ಲಿಗೂ ಆದ ಒಪ್ಪಂದದಿಂದ ಗೋವಾದ ಆಳ್ವಿಕೆಯಲ್ಲಿದ್ದ ಹಲವು ಇಗರ್ಜಿಗಳು ಕೈಬದಲಾದವು. ಗೋವಾದ ಪಾದ್ರಿ ಅಲ್ವಾರೆಸ್, ಬ್ರಹ್ಮಾವರದ ಪಾದ್ರಿ ನೊರೊನ್ಹಾ ಇದನ್ನು ಧಿಕ್ಕರಿಸಿದರು. ಪೀಠ ಖಾಲಿಯೆಂದು ಇವರು ಹೇಳಲಿಲ್ಲ, ಬೇರೆ ಪೀಠ ಹುಡುಕಿದರು. 1889ರ ಜುಲೈ 28ರಂದು ಕೊಟ್ಟಾಯಂನಲ್ಲಿ ಮಲಂಕರ ಸಭೆಯ ಧರ್ಮಾಧ್ಯಕ್ಷರಿಂದ ದೀಕ್ಷೆ ಪಡೆದು ಅಲ್ವಾರೆಸ್ ಮಾರ್ ಜೂಲಿಯಸ್ ಆದರು. ಧರ್ಮಾಧ್ಯಕ್ಷರ ಆ ದೀಕ್ಷಾಪರಂಪರೆ ದೊರೆತದ್ದರಿಂದ ಅನುಯಾಯಿಗಳಿಗೆ ಬರಲಿರುವ ಪೋಪರಿಗಾಗಿ ಕಾಯುವ ಅಗತ್ಯ ಬೀಳಲಿಲ್ಲ. ಬ್ರಹ್ಮಾವರ ಈಗ ಮಲಂಕರ ಆರ್ಥೊಡಾಕ್ಸ್ ಸಭೆಯ ಒಂದು ಧರ್ಮಪ್ರಾಂತ್ಯ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಮಲಂಕರದಂತೆ ರೋಮಿನಿಂದ ಬೇರ್ಪಟ್ಟ ಪೂರ್ವದ ಸಭೆಗಳ ಗುರುದೀಕ್ಷೆ ನಿಜವಾದದ್ದೆಂದು 1964ರಲ್ಲಿ ಲಿಖಿತವಾಗಿ ಒಪ್ಪಿದ್ದು, ಸೆಡೆವೇಕಾಂಟಿಸ್ಟರು ತಿರಸ್ಕರಿಸುವ ಅದೇ ವ್ಯಾಟಿಕನ್ ಸಮ್ಮೇಳನ.