ಮೋಟಾರು ಎಂಜಿನ್ನಿನ ಶಾಖ: ಒಂದು ಐತಿಹಾಸಿಕ ವಿವೇಚನೆ

ಮೋಟಾರು ವಾಹನದ ಚರಿತ್ರಕಾರರು ವೇಗವನ್ನೂ ಅಶ್ವಶಕ್ತಿಯನ್ನೂ ಕೊಂಡಾಡುವ ಭರದಲ್ಲಿ, ಅವೆರಡನ್ನೂ ಸಾಧ್ಯಗೊಳಿಸಿದ ನೀರನ್ನು ಮರೆಯುವುದುಂಟು. ಇಂಧನದಿಂದ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಸಿಲಿಂಡರುಗಳ ಸುತ್ತಣ ನೀರಿಗೆ ಸೇರುತ್ತದೆ. ಅದನ್ನು ಹೊರದೂಡದಿದ್ದರೆ ಎಣ್ಣೆ ತೆಳುವಾಗಿ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ.

1886ರ ಬೆಂಜ್ ವಾಹನದಲ್ಲಿ ನೀರು ಕುದಿದು ಆವಿಯಾಗುವುದೇ ತಂಪಿನ ಉಪಾಯವಾಗಿತ್ತು. ದಾರಿಯುದ್ದಕ್ಕೂ ನೀರು ತುಂಬಬೇಕಿತ್ತು. ಈ ದೈನ್ಯವನ್ನು ನೀಗಿದವನು ವಿಲ್ಹೆಲ್ಮ್ ಮೇಬಾಕ್. 1900ರ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ವಾಹನಕ್ಕೆ ಆತ ಜೇನುಹುಟ್ಟಿನಂಥ ರೇಡಿಯೇಟರನ್ನು ರಚಿಸಿದನು. ಅದರಲ್ಲಿ 8,070 ಪುಟ್ಟ ಚೌಕ ಕೊಳವೆಗಳಿದ್ದವು; ಹಿಂದೆ ಒಂದು ಬೀಸಣಿಗೆಯಿತ್ತು. ಮೊದಲು 18 ಲೀಟರು ಬೇಕಾದಲ್ಲಿ ಈಗ 9 ಲೀಟರು ನೀರು ಸಾಕಾಯಿತು. ಭಾರ ಹೆಚ್ಚದೆ ಶಕ್ತಿ ಹೆಚ್ಚುವ ಮಾರ್ಗ ತೆರೆದದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

1908ರಲ್ಲಿ ಬಂದ ಫೋರ್ಡ್ 'ಟಿ' ಮಾದರಿಯ ಕಥೆ ಬೇರೆ. ಮೊದಲ ಸುಮಾರು 2,500 ವಾಹನಗಳ ಬಳಿಕ ನೀರಿನ ಪಂಪನ್ನೇ ತೆಗೆದುಹಾಕಲಾಯಿತು. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜಗತಿಯೇ ಆ ಕೆಲಸವನ್ನು ಮಾಡಿತು. ಅಗ್ಗದ ವಾಹನಕ್ಕೆ ಅದು ಒಪ್ಪುವ ಮಿತವ್ಯಯವೇನೋ ಸರಿ. ಆದರೆ ನೀರಿನ ಮಟ್ಟ ಮೇಲಣ ಕೊಳವೆಗಿಂತ ಕೆಳಗಿಳಿದರೆ ಪ್ರವಾಹವೇ ನಿಲ್ಲುತ್ತಿತ್ತು. 1912ರ ಸುಮಾರಿಗೆ ಬಂದ ಬಾಯ್ಸ್ ಮೋಟೋಮೀಟರು ರೇಡಿಯೇಟರಿನ ಮುಚ್ಚಳದ ಮೇಲೆ ಕುಳಿತ ಉಷ್ಣಮಾಪಕ. ಅಲ್ಲಿಯವರೆಗೆ ಹಬೆಯೆದ್ದ ಮೇಲೆ ತಿಳಿಯುತ್ತಿದ್ದ ಅಪಾಯವನ್ನು ಚಾಲಕನು ಕುಳಿತಲ್ಲಿಂದಲೇ ಮುಂಚಿತವಾಗಿ ಓದುವಂತಾಯಿತು.

ಇಷ್ಟಾದರೂ ಜನರ ಭಯವೆಲ್ಲ ಅತಿಶಾಖದ್ದೇ. ಚಳಿಗಾಲದಲ್ಲಿ ರೇಡಿಯೇಟರಿಗೆ ಕಂಬಳಿ ಹೊದಿಸುತ್ತಿದ್ದ ಶೀತದೇಶಗಳ ಚಾಲಕರು ಮಾತ್ರ ಇನ್ನೊಂದು ಸತ್ಯವನ್ನು ಅನುಭವದಿಂದ ಬಲ್ಲವರಾಗಿದ್ದರು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಎಣ್ಣೆಗಿಳಿಯುತ್ತದೆ. ದಹನದಿಂದ ಹುಟ್ಟಿದ ನೀರಾವಿಯೂ ಆಮ್ಲಗಳೂ ಸಿಲಿಂಡರಿನ ಗೋಡೆಯ ಮೇಲೆ ಸಾಂದ್ರಗೊಂಡು ಲೋಹವನ್ನು ತಿನ್ನುತ್ತವೆ. ಬ್ರಿಟನ್ನಿನಲ್ಲಿ 1930ರ ದಶಕದ ಪ್ರಯೋಗಗಳು ಈ ಸವೆತವನ್ನು ಸ್ಪಷ್ಟಪಡಿಸಿದವು. 1914ರಲ್ಲೇ ಕ್ಯಾಡಿಲಾಕ್ ಸಂಸ್ಥೆ ತನ್ನ ಎಂಟು ಸಿಲಿಂಡರಿನ ಎಂಜಿನ್ನಿಗೆ ಅಳವಡಿಸಿದ್ದ ಥರ್ಮೋಸ್ಟಾಟಿನ ಮಹತ್ವ ಆಗ ಮನವರಿಕೆಯಾಯಿತು: ನೀರು ತಕ್ಕಷ್ಟು ಕಾಯುವವರೆಗೆ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿಡುತ್ತದೆ. ಆದುದರಿಂದ 'ತಂಪುಗೊಳಿಸುವಿಕೆ' ಎಂಬ ಹೆಸರೇ ಅರ್ಧಸತ್ಯ. ಇಂದಿನ ಬಹುಪಾಲು ಎಂಜಿನ್ನುಗಳು ಸುಮಾರು 85ರಿಂದ 105 ಡಿಗ್ರಿ ಸೆಂಟಿಗ್ರೇಡಿನ ನಡುವೆ ಚೆನ್ನಾಗಿ ಓಡುತ್ತವೆ. ಮುಚ್ಚಳದೊಳಗಣ ಒತ್ತಡ ಕುದಿಬಿಂದುವನ್ನು ನೂರರಾಚೆಗೆ ಏರಿಸುವುದರಿಂದ ಅಲ್ಲಿಯೂ ನೀರು ಕುದಿಯುವುದಿಲ್ಲ.