ಎಂಟೂವರೆ ಗಂಟೆಯ ಗಡಿ: ಸಿಒಪಿಡಿ ರೋಗಿಗಳ ಜಡ ವರ್ತನೆಯ ಅಳತೆ ಕುರಿತು ಒಂದು ಟಿಪ್ಪಣಿ

1. ವ್ಯಾಖ್ಯೆ

ಸಿಒಪಿಡಿ (ದೀರ್ಘಕಾಲೀನ ಶ್ವಾಸನಾಳ ಅಡಚಣೆಯ ಕಾಯಿಲೆ) ಕುರಿತ ಬರಹಗಳಲ್ಲಿ ದೈಹಿಕ ನಿಷ್ಕ್ರಿಯತೆ ಮತ್ತು ಜಡ ವರ್ತನೆ ಒಂದೇ ಎಂಬಂತೆ ಬಳಕೆಯಾಗಿರುವುದು ಅಪರೂಪವಲ್ಲ. ಮೊದಲನೆಯದು ಶಿಫಾರಸಾದಷ್ಟು ಚಟುವಟಿಕೆ ಇಲ್ಲದಿರುವುದು. ಎರಡನೆಯದಕ್ಕೆ ಸಂಶೋಧಕರ ಅಂತರರಾಷ್ಟ್ರೀಯ ಜಾಲವೊಂದು 2012ರಲ್ಲಿ ಸೂಚಿಸಿ 2017ರಲ್ಲಿ ವಿಸ್ತರಿಸಿದ ವ್ಯಾಖ್ಯೆಯಲ್ಲಿ ಎರಡು ಷರತ್ತುಗಳಿವೆ: ಎಚ್ಚರವಿರುವಾಗ ಶಕ್ತಿವ್ಯಯ 1.5 ಮೆಟ್ (ಒಂದು ಮೆಟ್ ಎಂದರೆ ವಿಶ್ರಾಂತಿಯಲ್ಲಿನ ಶಕ್ತಿವ್ಯಯ) ಮೀರಿರಬಾರದು; ಭಂಗಿ ಕುಳಿತದ್ದೋ ಒರಗಿದ್ದೋ ಮಲಗಿದ್ದೋ ಆಗಿರಬೇಕು. ಎರಡೂ ಕೂಡಿದರಷ್ಟೇ ಅದು ಜಡ ವರ್ತನೆ. ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆದು ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಕಳೆಯುವವರು ಮೊದಲ ಲೆಕ್ಕದಲ್ಲಿ ಪಾರಾಗಿ ಎರಡನೆಯದರಲ್ಲಿ ಸಿಕ್ಕಿಕೊಳ್ಳಬಹುದು.

2. ಲೂವೆನ್, 2005

ಬೆಲ್ಜಿಯಂನ ಲೂವೆನ್‌ನಲ್ಲಿ ಫಾಬಿಯೊ ಪಿಟ್ಟಾ ಮತ್ತು ಸಂಗಡಿಗರು 50 ರೋಗಿಗಳನ್ನೂ 25 ಆರೋಗ್ಯವಂತ ಹಿರಿಯರನ್ನೂ ಚಲನಮಾಪಕ ತೊಡಿಸಿ ಹೋಲಿಸಿದರು. ರೋಗಿಗಳ ದಿನದ ಸರಾಸರಿ ಹೀಗಿದೆ: ನಡಿಗೆ 44 ನಿಮಿಷ, ನಿಂತದ್ದು 191, ಕುಳಿತದ್ದು 374, ಮಲಗಿದ್ದು 87. ಆರೋಗ್ಯವಂತರಲ್ಲಿ ಅನುಕ್ರಮವಾಗಿ 81, 295, 306, 29. ಹೆಚ್ಚಾಗಿ ಉಲ್ಲೇಖವಾಗುವುದು ನಡಿಗೆಯ ಅಂಕಿಗಳು ಮಾತ್ರ.

ನಾಲ್ಕನ್ನೂ ಕೂಡಿದರೆ ರೋಗಿಗಳಿಗೆ 696, ಆರೋಗ್ಯವಂತರಿಗೆ 711 ನಿಮಿಷ. ಎಂದರೆ ಇದು 24 ಗಂಟೆಯ ಚಿತ್ರವಲ್ಲ, ಹಗಲಿನ ಸುಮಾರು 12 ಗಂಟೆಯದು. ಕುಳಿತ ಮತ್ತು ಮಲಗಿದ ಹೊತ್ತು ಸೇರಿ ರೋಗಿಗಳಲ್ಲಿ 461 ನಿಮಿಷ (ಮೊತ್ತದ ಶೇ. 66), ಆರೋಗ್ಯವಂತರಲ್ಲಿ 335 (ಶೇ. 47). ಈ ಶೇಕಡಾವಾರು ಪ್ರಕಟಿತ ಸರಾಸರಿಗಳಿಂದ ಇಲ್ಲಿ ಲೆಕ್ಕ ಹಾಕಿದ್ದು. ವ್ಯಕ್ತಿವಾರು ದತ್ತಾಂಶದಿಂದ ಬಂದದ್ದಲ್ಲ. ರೋಗಿಗಳ ನಡಿಗೆಯ ಮಾನಕ ವಿಚಲನೆ 26 ನಿಮಿಷ, ಸರಾಸರಿಯ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ 'ಸಿಒಪಿಡಿ ರೋಗಿ ದಿನಕ್ಕೆ 44 ನಿಮಿಷ ನಡೆಯುತ್ತಾನೆ' ಎಂಬ ವಾಕ್ಯಕ್ಕೆ ಹೆಚ್ಚು ಬೆಲೆ ಕೊಡಲಾಗದು.

3. ಲೊಂಡ್ರಿನಾ, 2017

ಬ್ರೆಜಿಲ್‌ನ ಲೊಂಡ್ರಿನಾದ ಅಧ್ಯಯನ (ಲೇಖಕರಲ್ಲಿ ಪಿಟ್ಟಾ ಇಲ್ಲಿಯೂ ಇದ್ದಾರೆ) 1.5 ಮೆಟ್‌ಗಿಂತ ಕಡಿಮೆ ಶಕ್ತಿವ್ಯಯದ ಚಟುವಟಿಕೆಯಲ್ಲಿ ದಿನಕ್ಕೆ 8.5 ಗಂಟೆ ಅಥವಾ ಹೆಚ್ಚು ಹೊತ್ತು ಕಳೆಯುವವರಲ್ಲಿ ಸಾವಿನ ಅಪಾಯ ಹೆಚ್ಚೆಂದು ವರದಿ ಮಾಡಿತು. ಲೂವೆನ್‌ನ 461 ನಿಮಿಷ, ಅಂದರೆ 7 ಗಂಟೆ 41 ನಿಮಿಷವನ್ನು ಈ ಗಡಿಯ ಪಕ್ಕಕ್ಕಿಟ್ಟು 'ಸರಾಸರಿ ರೋಗಿ ಸುರಕ್ಷಿತ' ಎನ್ನುವುದು ತಪ್ಪಾದೀತು. ಒಂದು ಭಂಗಿಯ ಎಣಿಕೆ, ಇನ್ನೊಂದು ಶಕ್ತಿವ್ಯಯದ್ದು. ಸುಮ್ಮನೆ ನಿಂತ ಹೊತ್ತು ಲೂವೆನ್‌ನಲ್ಲಿ ಬೇರೆ ಖಾನೆಗೆ ಹೋಗುತ್ತದೆ. ಶಕ್ತಿವ್ಯಯದ ಎಣಿಕೆಯಲ್ಲಿ ಅದು ಜಡತೆಯೊಳಗೇ ಬೀಳಬಹುದು.

ಮೆಟ್ ಕೂಡ ನಿರ್ವಿವಾದ ಮಾನವಲ್ಲ. ಒಂದು ಮೆಟ್ ಎಂದರೆ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಎಂಬುದು ಸ್ಥಿರ ಅಂಕಿ. ಉಸಿರಾಟಕ್ಕೇ ಹೆಚ್ಚು ಶ್ರಮ ಪಡುವ ರೋಗಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಚರ್ಚಾರ್ಹ.

4. ಕೋಪನ್‌ಹೇಗನ್, 2006

ಕೋಪನ್‌ಹೇಗನ್‌ನಲ್ಲಿ 1981–83 ಮತ್ತು 1991–94ರಲ್ಲಿ ಪರೀಕ್ಷೆಗೊಳಗಾದ, ಸಿಒಪಿಡಿ ಇದ್ದ 2,386 ಜನರನ್ನು 2000ದವರೆಗೆ ಅನುಸರಿಸಿದ ವಿಶ್ಲೇಷಣೆಯೊಂದರಲ್ಲಿ, ವಾರಕ್ಕೆ 2 ಗಂಟೆ ಅಥವಾ ಹೆಚ್ಚಿನ ನಡಿಗೆ ಅಥವಾ ಸೈಕಲ್ ಸವಾರಿಗೆ ಸಮನಾದ ಚಟುವಟಿಕೆ ಇದ್ದವರಿಗೆ ಆಸ್ಪತ್ರೆ ದಾಖಲಾತಿ ಮತ್ತು ಶ್ವಾಸಕೋಶ ಸಂಬಂಧಿ ಸಾವಿನ ಅಪಾಯ ಶೇ. 30–40ರಷ್ಟು ಕಡಿಮೆ ಕಂಡುಬಂತು. ಚಟುವಟಿಕೆಯ ಮಾಹಿತಿ ರೋಗಿಗಳೇ ಹೇಳಿದ್ದು. ಕಾಯಿಲೆ ಉಲ್ಬಣಿಸಿದ್ದರಿಂದಲೇ ಓಡಾಟ ಕಡಿಮೆಯಾಗಿರಬಹುದೆಂಬ ಸಂದೇಹ ಹೊಂದಾಣಿಕೆಯ ಲೆಕ್ಕಗಳಿಂದ ತಗ್ಗುತ್ತದೆ, ತೀರುವುದಿಲ್ಲ.

5. ಕುಕ್ಕರಗಾಲಿನ ಸಮಸ್ಯೆ

ತೊಡೆಗೆ ಅಂಟಿಸುವ ಮಾಪಕವು ತೊಡೆಯ ಓರೆಯಿಂದ ಭಂಗಿಯನ್ನು ಊಹಿಸುತ್ತದೆ: ತೊಡೆ ಅಡ್ಡವಾದರೆ ಕುಳಿತಂತೆ, ನೆಟ್ಟಗಿದ್ದರೆ ನಿಂತಂತೆ. ಕುರ್ಚಿ-ಸೋಫಾಗಳ ಮನೆಯಲ್ಲಿ ಇದು ಸಾಕು. ಕುಕ್ಕರಗಾಲಿನಲ್ಲಿ ರಾಗಿ ಹೊಲದ ಕಳೆ ಕೀಳುತ್ತ ಸಾಲು ಸಾಲಾಗಿ ಮುಂದೆ ಸರಿಯುವ ಹೆಂಗಸನ್ನು ಅದೇ ಮಾಪಕ ಕುಳಿತವರ ಪಟ್ಟಿಗೆ ಸೇರಿಸುವ ಸಾಧ್ಯತೆ ಇದೆ. ಮಣೆ ಹಾಕಿಕೊಂಡು ಒಲೆಯ ಮುಂದೆ ರೊಟ್ಟಿ ತಟ್ಟುವವರನ್ನೂ ಹಾಗೆಯೇ. ಇಬ್ಬರ ಶಕ್ತಿವ್ಯಯವೂ 1.5 ಮೆಟ್ ದಾಟುವುದು ಸಂಭವನೀಯ. ದಾಟಿದರೆ ವ್ಯಾಖ್ಯೆಯ ಮೊದಲ ಷರತ್ತೇ ಬೀಳುತ್ತದೆ. ಶಕ್ತಿವ್ಯಯವನ್ನು ಅಂದಾಜಿಸುವ ತೋಳುಪಟ್ಟಿಯ ಮಾಪಕ ನಿಂತವರನ್ನು ಜಡರೆಂದು ಎಣಿಸಿದರೆ, ತೊಡೆಯ ಮಾಪಕ ದುಡಿಯುವವರನ್ನು ಜಡರೆಂದು ಎಣಿಸೀತು.

ಇದು ಕರ್ನಾಟಕಕ್ಕೆ ದೂರದ ಮಾತಲ್ಲ. ಸೌದೆ ಒಲೆಯ ಹೊಗೆ ಸಿಒಪಿಡಿಯ ಅಂಗೀಕೃತ ಕಾರಣ. ಬೀಡಿ-ಸಿಗರೇಟು ಮುಟ್ಟದ ಗ್ರಾಮೀಣ ಹೆಂಗಸರಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳಲು ಅದೂ ಒಂದು ದಾರಿ. ಇಂಥವರಲ್ಲಿ 8.5 ಗಂಟೆಯ ಗಡಿಯನ್ನು ಪ್ರಯೋಗಿಸುವ ಮೊದಲು ತೋಳು ಮತ್ತು ತೊಡೆ ಎರಡರ ಮಾಪಕಗಳನ್ನೂ ಒಟ್ಟಿಗೆ ತೊಡಿಸಿ, ಜೊತೆಗೆ ಕೆಲಸದ ದಿನಚರಿ ಬರೆಸಿ, ಕುಕ್ಕರಗಾಲಿನ ಹೊತ್ತನ್ನು ಪ್ರತ್ಯೇಕ ಖಾನೆಯಲ್ಲಿ ದಾಖಲಿಸುವುದು ಅಗತ್ಯವೆಂದು ತೋರುತ್ತದೆ.